ಸೊಂಟಕ್ಕೆ ಹಗ್ಗ ಕಟ್ಟಿದ ಧೈರ್ಯ

ಕಳೆದ ತಿಂಗಳು ಒಂದು ಶನಿವಾರ ನನಗೆ ಆತ್ಮವಿಶ್ವಾಸ ಬಂತು. ಬೆಳಿಗ್ಗೆ ಹನ್ನೊಂದು ಮುಕ್ಕಾಲಿಗೆ ಬಂತು. ಊಟದ ಹೊತ್ತಿಗೆ ಹೋಯಿತು.

ಬಂದದ್ದು ರಾಮನಗರದ ಹತ್ತಿರದ ಒಂದು ಬಂಡೆಯ ಮೇಲೆ. ಖರ್ಚು ಕಂಪನಿಯದು. ರಜೆ ನನ್ನದು.

ನಲವತ್ತೆರಡು ಜನರನ್ನು ಬೆಳಗಿನ ಐದೂವರೆಗೆ ಬಸ್ಸಿಗೆ ತುಂಬಿಕೊಂಡು ಹೋದರು. ಮಲಗಿದ್ದವರನ್ನು ಎಬ್ಬಿಸಿ, ಐವತ್ತು ಕಿಲೋಮೀಟರ್ ಸಾಗಿಸಿ, ಬಂಡೆಯ ಬುಡದಲ್ಲಿ ನಿಲ್ಲಿಸಿದ ಮೇಲೆ ತರಬೇತುದಾರರು ಕೇಳಿದ ಮೊದಲ ಪ್ರಶ್ನೆ: 'ಎಲ್ಲರೂ ನಿಮ್ಮ ಇಷ್ಟದಿಂದಲೇ ಬಂದಿದ್ದೀರಿ ಅಲ್ವಾ?'

ಹೌದು ಎಂದೆವು. ಒಕ್ಕೊರಲಿನಿಂದ ಎಂದೆವು. ಬಾರದವರ ಪಟ್ಟಿ ಮಾಡಲಾಗುವುದು ಎಂದು ಹಿಂದಿನ ದಿನವೇ ಎಚ್‌ಆರ್‌ನವರ ಮೇಲ್ ಬಂದಿತ್ತು.

'ಕಂಫರ್ಟ್ ಝೋನ್‌ನಿಂದ ಆಚೆ ಬನ್ನಿ!' ಎಂದರು ತರಬೇತುದಾರರು. ದೊಡ್ಡ ಛತ್ರಿಯ ನೆರಳಲ್ಲಿ, ಮಡಚುವ ಕುರ್ಚಿಯಲ್ಲಿ ಕೂತು ಎಂದರು. ನಾವು ಬಿಸಿಲಲ್ಲಿದ್ದೆವು.

ಈ ಕಂಫರ್ಟ್ ಝೋನ್‌ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಬಸ್ಸಿನಲ್ಲೇ ಯೋಚಿಸಿದ್ದೆ. ಹೊಳೆದದ್ದು ಒಂದೇ ಪದ. ನೆಮ್ಮದಿ.

ಅಂದರೆ ಈ ನಾಡಿನಲ್ಲಿ ನೆಮ್ಮದಿ ತುಂಬಿ ತುಳುಕುತ್ತಿದೆ. ಜನ ಅದರಲ್ಲಿ ಬಿದ್ದು ಕೊಳೆಯುತ್ತಿದ್ದಾರೆ. ಅವರನ್ನು ಎಳೆದು ಹಾಕಲು ಫೀಸು ಕೊಟ್ಟು ತಜ್ಞರನ್ನು ಕರೆಸಬೇಕಾಗಿದೆ. ನಮ್ಮ ಸರ್ಕಾರ ಹಿಂದೊಮ್ಮೆ ಹೋಬಳಿಗಳಲ್ಲಿ 'ನೆಮ್ಮದಿ ಕೇಂದ್ರ' ತೆರೆದಿತ್ತು. ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಅಲ್ಲಿ ಸರದಿಯಲ್ಲಿ ನಿಂತು, 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂದು ಕೇಳಿಸಿಕೊಂಡವರಿಗೆ ನೆಮ್ಮದಿಯಿಂದ ಆಚೆ ಬರುವ ತರಬೇತಿ ಆಗಲೇ ಮುಗಿದಿದೆ. ಅವರಿಗೆ ಬಂಡೆ ಬೇಕಿಲ್ಲ.

ಹತ್ತುವ ಮುಂಚೆ ಒಂದು ಫಾರಂ ಕೊಟ್ಟರು. ಎರಡು ಪುಟ, ಸಣ್ಣ ಅಕ್ಷರ. ಬಿದ್ದರೆ, ಕೈಕಾಲು ಮುರಿದರೆ, ಪ್ರಾಣವೇ ಹೋದರೆ, ಯಾರೂ ಜವಾಬ್ದಾರರಲ್ಲ. ಸಹಿ ಹಾಕಿದೆವು. ನಲವತ್ತೆರಡೂ ಸಹಿ ಬಿದ್ದಿವೆಯೇ ಎಂದು ಎರಡು ಸಲ ಎಣಿಸಿಕೊಂಡು, ಫೈಲನ್ನು ಕಾರಿನಲ್ಲಿಟ್ಟು ಬೀಗ ಹಾಕಿ ಬಂದು, ತರಬೇತುದಾರರು ಎದೆ ಉಬ್ಬಿಸಿ ಹೇಳಿದರು: 'ಭಯ ಅನ್ನೋದು ಬರೀ ನಮ್ಮ ಮನಸ್ಸಿನಲ್ಲಿ ಇರುತ್ತೆ.'

ಮತ್ತೆ ಫಾರಂನಲ್ಲಿ ಇದ್ದದ್ದು ಯಾರ ಭಯ?

ಆಮೇಲೆ ಶಾಮಿಯಾನದಡಿ ಸ್ಲೈಡ್ ಶೋ. ಬಂಡೆಯ ಹತ್ತಿರವೂ ಸ್ಲೈಡು. ಒಂದರೊಳಗೊಂದು ಮೂರು ವೃತ್ತ. ಒಳಗಿನದು ಹಾಯಾಗಿರುವ ಜಾಗ, ನಡುವಿನದು ಕಲಿಯುವ ಜಾಗ, ಹೊರಗಿನದು ಗಾಬರಿಯ ಜಾಗ. ಮುಂದಿನ ಸ್ಲೈಡಿನಲ್ಲಿ ವೃತ್ತಗಳಿಂದ ದೂರ ಒಂದು ಚುಕ್ಕಿ. ಪವಾಡ ನಡೆಯುವುದು ಅಲ್ಲಂತೆ. 'ಇದು ನಾನು ಹೇಳ್ತಿರೋದಲ್ಲ, ಸೈನ್ಸ್ ಹೇಳ್ತಿರೋದು.'

ಸೈನ್ಸ್ ಹೇಳಿದ್ದು ನಿಜ. ಹೇಳಿದ್ದು ಇಲಿಗಳ ಬಗ್ಗೆ.

1908ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರಾಬರ್ಟ್ ಯರ್ಕೀಸ್, ಜಾನ್ ಡಾಡ್ಸನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಎರಡು ಪೆಟ್ಟಿಗೆ. ಒಂದು ಬಿಳಿ, ಒಂದು ಕಪ್ಪು. ಇಲಿ ಕಪ್ಪಿಗೆ ಕಾಲಿಟ್ಟರೆ ಕರೆಂಟು ಹೊಡೆಯುತ್ತಿತ್ತು. ಎಷ್ಟು ಹೊಡೆಸಿದರೆ ಬೇಗ ಕಲಿಯುತ್ತದೆ ಎಂದು ನೋಡಿದರು. ಎರಡು ಪೆಟ್ಟಿಗೆಗಳ ವ್ಯತ್ಯಾಸ ಸುಲಭವಾಗಿ ಕಾಣದಂತೆ ಮಾಡಿದಾಗ, ತೀರಾ ಕಡಿಮೆ ಶಾಕಿಗೂ ಬೇಗ ಕಲಿಯಲಿಲ್ಲ, ತೀರಾ ಜಾಸ್ತಿಗೂ ಬೇಗ ಕಲಿಯಲಿಲ್ಲ. ಮಧ್ಯಮ ಶಾಕೇ ವಾಸಿ ಎಂದಾಯಿತು. ಇವತ್ತು ಆ ಮೂರು ವೃತ್ತಗಳ ಕೆಳಗೆ ವಿಜ್ಞಾನ ಎಂದು ಅಂಟಿಸುವ ಚೀಟಿ ಇದೇ.

ಆ ಇಲಿಗಳ ತಳಿಯ ಹೆಸರು 'ಕುಣಿಯುವ ಇಲಿ'. ನಿಂತಲ್ಲೇ ಗಿರ್ರನೆ ಸುತ್ತುವುದು ಅವುಗಳ ಹುಟ್ಟುಗುಣ. ಇದನ್ನು ಓದಿದಾಗ ನನಗೆ ನಮ್ಮ ಆಫೀಸಿನ ಹಲವರ ಮುಖ ಕಣ್ಣ ಮುಂದೆ ಬಂತು.

ಶಾಕ್ ಹೊಡೆಸಿದ ಮೇಲೆ ಇಲಿಗಳ ಆತ್ಮವಿಶ್ವಾಸ ಹೆಚ್ಚಿತು ಎಂದು ಅವರಿಬ್ಬರೂ ಹೇಳಲಿಲ್ಲ. ಇಲಿಗಳು ತಮ್ಮ ಇಷ್ಟದಿಂದಲೇ ಬಂದಿದ್ದವು ಎಂದೂ ಹೇಳಲಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕರು.

ಆಫೀಸುಗಳಿಗೆ ಕಂಫರ್ಟ್ ಝೋನ್ ಎಂಬ ಪದವನ್ನು ಹೊತ್ತು ತಂದವರ ಸಾಲಿನಲ್ಲಿ ಜುಡಿತ್ ಬಾರ್ಡ್‌ವಿಕ್ ಎಂಬಾಕೆಯೂ ಇದ್ದಾರೆ. 1991ರಲ್ಲಿ ಕಂಫರ್ಟ್ ಝೋನ್‌ನ ಅಪಾಯದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಪಾಯ ಏನು? ಕೆಲಸ ಎಲ್ಲಿಗೂ ಹೋಗುವುದಿಲ್ಲ, ಸಂಬಳ ಬಂದೇ ಬರುತ್ತದೆ ಎಂದು ನೌಕರ ನಂಬಿಬಿಡುವುದು. ಅಂದರೆ ನಿಮ್ಮ ಕಂಫರ್ಟ್ ಝೋನ್ ಯಾವುದು ಗೊತ್ತಾಯಿತಲ್ಲ? ಒಂದನೇ ತಾರೀಕು.

ಇರಲಿ. ಬಂಡೆಗೆ ಬರೋಣ.

ಆ ಸೀಮೆ ಸಾಮಾನ್ಯದ್ದಲ್ಲ. 1975ರ 'ಶೋಲೆ' ಚಿತ್ರದಲ್ಲಿ ಗಬ್ಬರ್ ಸಿಂಗ್ ರಾಮನಗರದ ಬಂಡೆಗಳ ಮೇಲೆ ಓಡಾಡುತ್ತಲೇ ತನ್ನ ತಂಡದ ಮೂವರ ವಾರ್ಷಿಕ ಅಪ್ರೈಸಲ್ ಮಾಡಿದ್ದ. ನಗಿಸಿ ನಗಿಸಿ ಮಾಡಿದ್ದ. ಆ ಮೂವರೂ ಕಂಫರ್ಟ್ ಝೋನ್‌ನಿಂದ ಶಾಶ್ವತವಾಗಿ ಆಚೆ ಹೋದರು.

ನಮಗೆ ಹೆಲ್ಮೆಟ್ ತೊಡಿಸಿದರು. ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದರು. ಕೊಕ್ಕೆ ಹಾಕಿದರು. ಎಳೆದು ನೋಡಿದರು. ಮತ್ತೊಬ್ಬ ಬಂದು ಇನ್ನೊಮ್ಮೆ ಎಳೆದು ನೋಡಿದ. ನಮ್ಮೂರಿನಲ್ಲಿ ಸಂತೆಗೆ ಹೊಡೆಯುವ ಎತ್ತಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಹಗ್ಗವನ್ನು ಮೇಲೆ ಕಟ್ಟಬೇಕಿತ್ತಲ್ಲ. ಕಟ್ಟಲು ಹೋದವನು ಪಕ್ಕದ ಹಳ್ಳಿಯ ಹುಡುಗ. ಇಪ್ಪತ್ತು ಇಪ್ಪತ್ತೊಂದು ಇರಬಹುದು. ಚಪ್ಪಲಿ ಕಳಚಿ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ, ಸೊಂಟಕ್ಕೆ ಏನನ್ನೂ ಕಟ್ಟಿಕೊಳ್ಳದೆ, ನಮ್ಮನ್ನೆಲ್ಲ ಹೆದರಿಸಿದ ಅದೇ ಬಂಡೆಯನ್ನು ಮನೆಯ ಮೆಟ್ಟಿಲಂತೆ ಹತ್ತಿಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಕೂಲಿಯವನು.

ನನ್ನ ಸರದಿ ಬಂತು. ಮೇಲೆ ನಿಂತಾಗ ಮೊಣಕಾಲು ನನ್ನ ಮಾತು ಕೇಳಲಿಲ್ಲ. 'ಕೆಳಗೆ ನೋಡ್ಬೇಡಿ ಸಾರ್. ಹಿಂದಕ್ಕೆ ಒರಗ್ಕೊಳ್ಳಿ. ಹಗ್ಗ ನನ್ ಕೈಲಿದೆ' ಎಂದ ಹುಡುಗ. ಒರಗಿದೆ. ಇಳಿದೆ. ಕೆಳಗೆ ನಲವತ್ತೊಂದು ಜನ ಕೂಗಿದರು. ಯಾರೋ ತಬ್ಬಿಕೊಂಡರು. ಫೋಟೊ ತೆಗೆದರು. 'ಭಯವನ್ನು ಗೆದ್ದವರು' ಎಂಬ ಸರ್ಟಿಫಿಕೇಟು ಕೈಗಿಟ್ಟರು. ಹತ್ತು ನಿಮಿಷದಲ್ಲಿ ಪಕ್ಕದ ಟೇಬಲಿನ ಸಹೋದ್ಯೋಗಿ ಲಿಂಕ್ಡ್‌ಇನ್‌ನಲ್ಲಿ ಬರೆದಾಗಿತ್ತು: ಇವತ್ತು ನಾನು ಬಂಡೆಯಿಂದ ಇಳಿಯಲಿಲ್ಲ, ನನ್ನೊಳಗಿಂದ ಮೇಲೆದ್ದೆ.

ಸುಳ್ಳೇಕೆ, ನನಗೂ ಖುಷಿಯಾಯಿತು. ಎದೆ ಒಂದಿಂಚು ಅಗಲವಾಗಿತ್ತು. ಊಟದ ಹೊತ್ತಿಗೆ ಆ ಹುಡುಗನ ಪಕ್ಕ ಕೂತು, ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ.

'ಕಲಿಯೋದೇನ್ ಸಾರ್. ಚಿಕ್ಕೋನಿದ್ದಾಗ ಮೇಕೆ ತಪ್ಪಿಸ್ಕೊಂಡ್ರೆ ಇದೇ ಬಂಡೆ ಹತ್ತಿ ಇಳಿಸ್ಕೊಂಡು ಬರ್ತಿದ್ದೆ. ಈಗ ನಿಮ್ಮನ್ನ ಇಳಿಸ್ತೀನಿ.'

ಎದೆ ಹಳೆಯ ಅಳತೆಗೆ ಬಂತು.

ನನಗೆ ತಕರಾರಿರುವುದು ಬಂಡೆಯ ಬಗ್ಗೆ ಅಲ್ಲ. ಹೊಸದೊಂದನ್ನು ಮಾಡಿ ನೋಡಿದರೆ ಧೈರ್ಯ ಬರುತ್ತದೆ ಎಂಬ ಮಾತಿನ ಬಗ್ಗೆಯೂ ಅಲ್ಲ. ಈಜು ಬಾರದವನು ನಲವತ್ತನೇ ವಯಸ್ಸಿಗೆ ಕೊಳಕ್ಕಿಳಿಯಲಿ. ಹಾಡಲು ನಾಚುವವಳು ಗಣೇಶನ ಪೆಂಡಾಲಿನಲ್ಲಿ ಮೈಕು ಹಿಡಿಯಲಿ. ಬೇಡ ಎಂದವರು ಯಾರು? ನನ್ನ ತಕರಾರು ಒಂದೇ. ಈ ಧೈರ್ಯವನ್ನು ನಮ್ಮಿಂದ ಕಿತ್ತುಕೊಂಡವರೇ ಈಗ ಅದನ್ನು ನಮಗೆ ಮಾರುತ್ತಿದ್ದಾರೆ.

ನೆನಪು ಮಾಡಿಕೊಳ್ಳಿ. ನಾವು ಶಾಲೆಯಲ್ಲಿ ಮೊದಲು ಕಲಿತದ್ದು ಅ ಆ ಇ ಈ ಅಲ್ಲ. 'ಕೈ ಕಟ್ಟು, ಬಾಯಿ ಮುಚ್ಚು.' ಅಕ್ಷರ ಆಮೇಲೆ ಬಂತು.

ನಾನು ಐದನೇ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಭೂಮಿ ಅಷ್ಟು ಜೋರಾಗಿ ತಿರುಗುತ್ತಿದ್ದರೆ ನಮಗೆ ತಲೆ ಯಾಕೆ ಸುತ್ತುವುದಿಲ್ಲ ಎಂದು. ಉತ್ತರ ಬೆನ್ನಿನ ಮೇಲೆ ಬಂತು. ಜೊತೆಗೊಂದು ಬಿರುದೂ ಬಂತು: ಅಧಿಕಪ್ರಸಂಗಿ. ಮನೆಗೆ ಬಂದು ಹೇಳಿದರೆ ಅಪ್ಪ, 'ಮೇಷ್ಟ್ರಿಗೆ ಎದುರು ಮಾತಾಡ್ತೀಯೇನೋ' ಎಂದು ಇನ್ನೆರಡು ಕೊಟ್ಟರು. ಭೂಮಿ ನಿಜಕ್ಕೂ ಸುತ್ತುತ್ತದೆ ಎಂದು ಅವತ್ತೇ ಖಾತ್ರಿಯಾದದ್ದು.

ಕನ್ನಡ ಬಹಳ ಸಂಪದ್ಭರಿತ ಭಾಷೆ. ಕೇಳುವ ಮಗುವಿಗೆ ಅಧಿಕಪ್ರಸಂಗಿ. ಉತ್ತರ ಗೊತ್ತಿದ್ದು ಮೊದಲು ಹೇಳಿದರೆ ತಲೆಹರಟೆ. ತನ್ನಷ್ಟಕ್ಕೆ ನಿರ್ಧಾರ ಮಾಡಿದರೆ ಉದ್ಧಟ. ಹುಡುಗಿಯಾಗಿದ್ದರೆ ಬಜಾರಿ. ಹತ್ತೊಂಬತ್ತು ವರ್ಷ ಈ ಪದಗಳಿಂದ ಬಡಿದು ಬಡಿದು ಒಬ್ಬ ಮನುಷ್ಯನನ್ನು ಸರಿಯಾಗಿ ಚಪ್ಪಟೆ ಮಾಡಿ, ಇಪ್ಪತ್ತಮೂರನೆಯ ವಯಸ್ಸಿಗೆ ಕೆಲಸಕ್ಕೆ ಸೇರಿಸುತ್ತೇವೆ. ಅಲ್ಲಿ ಅವನ ಅಪ್ರೈಸಲ್ ಫಾರಂನಲ್ಲಿ ಬರೆಯುತ್ತಾರೆ: ಪ್ರೊಆಕ್ಟಿವ್ ಆಗಿಲ್ಲ.

ಪ್ರೊಆಕ್ಟಿವ್ ಎಂದರೆ ಮತ್ತೇನು? ಸಂಬಳ ಪಡೆಯುವ ಅಧಿಕಪ್ರಸಂಗಿ.

ಪ್ರಶ್ನೆ ಕೇಳುವುದನ್ನೇ ಬದುಕು ಮಾಡಿಕೊಂಡ ಒಬ್ಬರು ನಮ್ಮಲ್ಲಿ ಇದ್ದರು. ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನಿಂದ ಓದುವುದಕ್ಕೆಂದು ಬೆಂಗಳೂರಿಗೆ ನಡೆದೇ ಬಂದ ಹುಡುಗ. ಬಸ್ಸಿಗೆ ದುಡ್ಡಿರಲಿಲ್ಲ. ಅದನ್ನು ಯಾರೂ ಔಟ್‌ಬೌಂಡ್ ಟ್ರೈನಿಂಗ್ ಎಂದು ಕರೆಯಲಿಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೇ ಒಂದು ಸಮಿತಿ ಮಾಡಿದರು. ದೇಶವೇ ಕಾಲಿಗೆ ಬೀಳುತ್ತಿದ್ದ ಸತ್ಯ ಸಾಯಿಬಾಬಾಗೆ, ನಮ್ಮೆದುರು ಮಾಡಿ ತೋರಿಸಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಬೈಗುಳ ಬಂತು, ಧಾರಾಳವಾಗಿ. ಆ ಬಂಡೆಯಿಂದ ಇಳಿಯುವಾಗ ಅವರ ಸೊಂಟಕ್ಕೆ ಯಾವ ಹಗ್ಗವೂ ಇರಲಿಲ್ಲ.

ನಮ್ಮ ಸ್ಲೈಡಿನ ಚುಕ್ಕಿ ಅವರ ಕಣ್ಣಿಗೆ ಬಿದ್ದಿದ್ದರೆ, ಪವಾಡ ನಡೆಯುವುದು ಅಲ್ಲೇ ತಾನೆ, ಎಷ್ಟು ಹೊತ್ತಿಗೆ ಬರಲಿ ಎಂದು ಅದಕ್ಕೂ ಒಂದು ಪತ್ರ ಹೋಗುತ್ತಿತ್ತು.

ಪವಾಡದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಊಟ ಮುಗಿದ ಮೇಲೆ ತರಬೇತುದಾರರು ಮುಂದಿನ ವರ್ಷದ ಪ್ಯಾಕೇಜ್ ಬಿಚ್ಚಿದರು. 'ಲೆವೆಲ್ ಟೂ' ಅಂತೆ. ಬರಿಗಾಲಲ್ಲಿ ಕೆಂಡದ ಮೇಲೆ ನಡೆಯುವುದು. ಒಬ್ಬೊಬ್ಬರಿಗೆ ಆಗುವ ಫೀಸು ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಸ್ವಲ್ಪ ಜಾಸ್ತಿ.

ನಮ್ಮ ಮ್ಯಾನೇಜರ್ ಕುಣಿದಾಡಿದರು. ಮಂಡ್ಯ ಕಡೆಯವರು. ಅವರ ಊರಿನ ಹಬ್ಬದಲ್ಲಿ ಕೊಂಡ ಹಾಯುತ್ತಾರೆ. ಅವರ ಅಪ್ಪನೇ ಹಾಯುತ್ತಿದ್ದರಂತೆ. ಕೊಂಡದ ದಿನ ಊರಿಗೆ ಹೋಗಲು ಇವರಿಗೆ ಮುಜುಗರ, ಹೋಗಿ ಹದಿನೈದು ವರ್ಷವಾಗಿದೆ. ನಾನು ಕೇಳಿದೆ, 'ಸರ್, ಊರಲ್ಲೇ ಪುಕ್ಕಟೆ ಹಾಯಬಹುದಲ್ಲ?'

'ರೀ, ಅದು ಮೂಢನಂಬಿಕೆ. ಇದು ಮೈಂಡ್‌ಸೆಟ್.'

ಕೆಂಡ ಮಾತ್ರ ಒಂದೇ. ಸೌದೆಯ ಕೆಂಡ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೇಲೊಂದು ಬೂದಿಯ ಪದರ. ಕಾಲು ಊರಿ ಎತ್ತುವಷ್ಟರಲ್ಲಿ ಅಂಗಾಲಿಗೆ ದಾಟುವ ಬಿಸಿ ಅಷ್ಟರಲ್ಲೇ ಇರುತ್ತದೆ. ಬೇಗ ನಡೆದರೆ ದೇವರನ್ನು ನಂಬಿದವನೂ ಪಾರು, ತರಬೇತುದಾರನನ್ನು ನಂಬಿದವನೂ ಪಾರು, ಯಾರನ್ನೂ ನಂಬದವನೂ ಪಾರು. ನಿಂತರೆ ಮೂವರಿಗೂ ಬೊಕ್ಕೆ. 2016ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಟೋನಿ ರಾಬಿನ್ಸ್ ಎಂಬ ಹೆಸರಾಂತ ಪ್ರೇರಣಾಗುರುವಿನ ಶಿಬಿರದಲ್ಲಿ 30ಕ್ಕೂ ಹೆಚ್ಚು ಜನ ಕಾಲು ಸುಟ್ಟುಕೊಂಡರು. ಕೆಲವರು ಕೆಂಡದ ಮೇಲೆ ಸೆಲ್ಫಿಗೆ ಹೋಗಿ ಸುಟ್ಟುಕೊಂಡರೆಂಬ ಮಾತೂ ಆಗ ಪತ್ರಿಕೆಗಳಲ್ಲಿ ಬಂತು. 2022ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಜಾಹೀರಾತು ವ್ಯವಹಾರದ ಕಂಪನಿಯೊಂದರ ಕೂಟದಲ್ಲಿ 25 ಜನ ಹೀಗೆಯೇ ಗಾಯಗೊಂಡರು.

ನಮ್ಮ ಕೊಂಡದಲ್ಲಿ ಅವಘಡವೇ ಆಗುವುದಿಲ್ಲ ಎನ್ನುತ್ತಿಲ್ಲ. ಆಗುತ್ತದೆ, ಬೀಳುತ್ತಾರೆ, ಸುಟ್ಟುಕೊಳ್ಳುತ್ತಾರೆ. ನಾನು ಅದರ ಪರವಾಗಿ ವಕಾಲತ್ತು ವಹಿಸುತ್ತಿಲ್ಲ. ಆದರೆ ಪಂಚೆ ಉಟ್ಟವನು ಹಾಯ್ದರೆ ಗೊಡ್ಡು, ಟೀ ಶರ್ಟ್ ತೊಟ್ಟವನು ಹಾಯ್ದರೆ ನಾಯಕತ್ವ. ಕೆಂಡಕ್ಕೇ ಗೊತ್ತಿಲ್ಲದ ವ್ಯತ್ಯಾಸ ನಮ್ಮ ಮ್ಯಾನೇಜರಿಗೆ ಗೊತ್ತಿದೆ.

ಈ ಮ್ಯಾನೇಜರಿಗೆ ಮದುವೆಗೆ ಬಂದ ಮಗಳಿದ್ದಾಳೆ. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ. ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಎಂಟು ತಿಂಗಳಿಂದ ಮನೆಯಲ್ಲಿ ಅಳು, ಉಪವಾಸ, ಮೌನ. 'ನಂದೇನೂ ಅಭ್ಯಂತರ ಇಲ್ಲ ಕಣ್ರೀ, ನಾಲ್ಕು ಜನ ಏನಂತಾರೆ?' ಎಂದು ನನ್ನ ಹತ್ತಿರವೇ ಹೇಳಿಕೊಂಡಿದ್ದಾರೆ. ಅರುವತ್ತು ಅಡಿ ಬಂಡೆಯಿಂದ ಬೆನ್ನು ಕೆಳಗೆ ಮಾಡಿ ಇಳಿದ ಮನುಷ್ಯ. ಮುಂದಿನ ವರ್ಷ ಬೆಂಕಿಯ ಮೇಲೆ ನಡೆಯುವ ಮನುಷ್ಯ. ನಾಲ್ಕು ಜನಕ್ಕೆ ಹೆದರುತ್ತಾರೆ.

ಕುವೆಂಪು ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಪದ್ಧತಿಯನ್ನು ನಮ್ಮ ಕೈಗಿಟ್ಟು ಹೋಗಿ ಎಷ್ಟು ಕಾಲವಾಯಿತು? 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿಸಿದರು. ಪುರೋಹಿತರಿಲ್ಲ, ಜಾತಕವಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಖರ್ಚಿಲ್ಲ, ಜಾಗಟೆ ತಮಟೆಯೂ ಇಲ್ಲ. ನಾಡು ಕುವೆಂಪು ಅವರನ್ನು ತಲೆಯ ಮೇಲೆ ಹೊತ್ತು ಕುಣಿಯಿತು. ಮಂತ್ರಮಾಂಗಲ್ಯವನ್ನು ಕಪಾಟಿನಲ್ಲಿಟ್ಟಿತು. ಅದಕ್ಕೆ ಬೇಕಿದ್ದ ಧೈರ್ಯ ಯಾವ ರೆಸಾರ್ಟಿನಲ್ಲೂ ಬಾಡಿಗೆಗೆ ಸಿಗುವುದಿಲ್ಲ.

ನಮ್ಮ ಶಿಬಿರಗಳಲ್ಲಿ ಇಂಥ ಒಂದು ಕಸರತ್ತನ್ನೂ ಇಡುವುದಿಲ್ಲ, ಗಮನಿಸಿದ್ದೀರಾ? ಒಂದು ವಾರ ಹೆಂಡತಿಯ ಬದಲು ನೀನು ಅಡುಗೆ ಮಾಡು ಎನ್ನುವುದಿಲ್ಲ. ಮನೆಗೆಲಸದಾಕೆಗೆ ನೀನು ಕುಡಿಯುವ ಲೋಟದಲ್ಲೇ ಕಾಫಿ ಕೊಡು ಎನ್ನುವುದಿಲ್ಲ. ಹದಿನೆಂಟು ವರ್ಷದಿಂದ ಬೆಂಗಳೂರಿನಲ್ಲಿರುವ ನಮ್ಮ ವೈಸ್ ಪ್ರೆಸಿಡೆಂಟ್‌ಗೆ, ನಾಳೆ ಆಟೋದವನ ಹತ್ತಿರ ನಾಲ್ಕು ವಾಕ್ಯ ಕನ್ನಡ ಮಾತಾಡಿ ಬನ್ನಿ ಎಂದು ಯಾವ ತರಬೇತುದಾರನೂ ಹೇಳಿಲ್ಲ. ಅವರಿಗೆ ಜಿಪ್‌ಲೈನ್ ಇದೆ. ಕಣಿವೆ ದಾಟಬಹುದು, ಭಾಷೆ ದಾಟಬೇಕಿಲ್ಲ.

ಇನ್ನು ತರಬೇತುದಾರರ ಕಂಫರ್ಟ್ ಝೋನ್. ನಾನು ಇದೇ ವ್ಯಕ್ತಿಯ ಮಾತನ್ನು ಹಿಂದಿನ ಕಂಪನಿಯಲ್ಲೂ ಕೇಳಿದ್ದೆ, ಒಂಬತ್ತು ವರ್ಷದ ಹಿಂದೆ. ಅದೇ ಮೂರು ವೃತ್ತ. ಅದೇ ಹದ್ದಿನ ಮರಿಯ ಕತೆ. ಅದೇ ಜೋಕು, ಅದೇ ಜಾಗದಲ್ಲಿ ಅದೇ ಕೆಮ್ಮು. ಬದಲಾದದ್ದು ಕಾರು ಮಾತ್ರ.

ಊಟದ ಹೊತ್ತಿಗೆ ಅವರು ಹೊಸ ಜೋಕೊಂದನ್ನೂ ಹೇಳಿದರು, ಅನ್ಯಾಯವಾಗಿ ಹೇಳಬಾರದು. ಬಸ್ಸಿನ ಜೋಕು. ಬಿಟ್ಟಿ ಸಿಕ್ಕಿತೆಂದು ಹೆಂಗಸರೆಲ್ಲ ಮನೆ ಮಠ ಬಿಟ್ಟು ಊರೂರು ತಿರುಗುತ್ತಿದ್ದಾರೆ, ಗಂಡಂದಿರಿಗೆ ಅನ್ನ ಇಲ್ಲ ಎಂಬರ್ಥದ್ದು. ಟೇಬಲ್ಲೇ ನಕ್ಕಿತು.

ನನಗೆ ನಗು ಬರಲಿಲ್ಲ. ಅರಸೀಕೆರೆ ಕಡೆಯ ನನ್ನ ದೊಡ್ಡಮ್ಮ ನೆನಪಾದಳು.

ಅವಳಿಗೆ ಅರುವತ್ತಮೂರು. ಹುಟ್ಟಿದಾಗಿನಿಂದ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಮೊದಲು ಅಪ್ಪನ ಜೊತೆ, ಆಮೇಲೆ ಗಂಡನ ಜೊತೆ, ಆಮೇಲೆ ಮಗನಿಗೆ ಪುರುಸೊತ್ತಾದಾಗ ಮಗನ ಜೊತೆ. ಮಗನಿಗೆ ಪುರುಸೊತ್ತು ಆಗಿದ್ದು ಕಡಿಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ದೊಡ್ಡಮ್ಮ ಒಂದು ತಿಂಗಳು ಸುಮ್ಮನಿದ್ದಳು. ಆಮೇಲೆ ಅರಸೀಕೆರೆ ಸಂತೆಗೆ ಒಬ್ಬಳೇ ಹೋಗಿ ಬಂದಳು. ಇನ್ನೊಂದು ದಿನ ಹಾಸನಕ್ಕೆ ತಂಗಿಯ ಮನೆಗೆ. ಕಾರ್ತೀಕದಲ್ಲಿ, ಯಾರಿಗೂ ಕೇಳದೆ, ಬರೀ ಹೇಳಿ, ಧರ್ಮಸ್ಥಳಕ್ಕೆ ಹೊರಟೇಬಿಟ್ಟಳು.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಯಿತು. ಇಬ್ಬರನ್ನು ಕೇಳಿದಳು. ಒಬ್ಬ ತಪ್ಪು ಹೇಳಿದ. ಮತ್ತೊಬ್ಬರನ್ನು ಕೇಳಿ ಸರಿಯಾದದ್ದನ್ನು ಹತ್ತಿದಳು. ಶಿರಾಡಿ ಘಾಟಿಯಲ್ಲಿ ವಾಂತಿ ಮಾಡಿದಳು. ದೇವರ ದರ್ಶನ ಮಾಡಿದಳು. ಮಾರನೆಯ ದಿನ ವಾಪಸು ಬಂದಳು.

'ಭಯ ಆಗ್ಲಿಲ್ವಾ ದೊಡ್ಡಮ್ಮ?' ಎಂದೆ ಫೋನಿನಲ್ಲಿ.

'ಆಗ್ದೆ ಏನು? ಹಾಸನದಲ್ಲಿ ಅಳೂನೇ ಬಂದಿತ್ತು ಕಣೋ. ಬಾಯಿದ್ರೆ ಬಸ್ ಸಿಗುತ್ತೆ ಬಿಡು.'

ಮುಂದಿನ ತಿಂಗಳು ಹೊರನಾಡಿಗೆ ಹೋದಳು. ಆಮೇಲೆ ಒಂದು ಬೆಳಿಗ್ಗೆ ಬೆಂಗಳೂರಿನ ನನ್ನ ಮನೆಯ ಬಾಗಿಲಲ್ಲೇ, ಚೀಲದಲ್ಲಿ ಎರಡು ತೆಂಗಿನಕಾಯಿ ಹಿಡಿದು ನಿಂತಿದ್ದಳು. ಈಗ ಅವಳ ಮಗ ದೂರುತ್ತಾನೆ, 'ಅಮ್ಮ ಮನೇಲೇ ಇರಲ್ಲ.' ಅಷ್ಟು ವರ್ಷ ಮನೆಯಲ್ಲೇ ಇದ್ದಾಗ ಅವನು ದೂರಿರಲಿಲ್ಲ.

ದೊಡ್ಡಮ್ಮನ ಧೈರ್ಯಕ್ಕೂ ಒಂದು ಸೈನ್ಸ್ ಇದೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿದ್ದರು. ಹಾವಿಗೆ ವಿಪರೀತ ಹೆದರುವವರನ್ನು ಕರೆದು, ಒಂದೊಂದೇ ಹೆಜ್ಜೆ ಹತ್ತಿರ ಕರೆದುಕೊಂಡು ಹೋಗಿ, ಕೊನೆಗೆ ಅವರ ಕೈಯಲ್ಲೇ ಹಾವನ್ನು ಮುಟ್ಟಿಸಿದವರು. 1977ರಲ್ಲಿ ಅವರು ಬರೆದದ್ದರ ಸಾರ ಇಷ್ಟೆ: ಮನುಷ್ಯನಿಗೆ ತನ್ನ ಮೇಲೆ ನಂಬಿಕೆ ಗಟ್ಟಿಯಾಗಿ ಬರುವುದು ತಾನೇ ಮಾಡಿ ಗೆದ್ದಾಗ. ತನ್ನಂಥವರು ಮಾಡುವುದನ್ನು ನೋಡಿದರೂ ಸ್ವಲ್ಪ ಬರುತ್ತದೆ. 'ನಿನ್ನಿಂದ ಆಗುತ್ತೆ, ಆಗುತ್ತೆ' ಎಂದು ಬೇರೆಯವರು ಹೇಳಿದ್ದರಿಂದ ಬರುವ ನಂಬಿಕೆ ದುರ್ಬಲ, ಮೊದಲ ಪೆಟ್ಟಿಗೇ ಉದುರುತ್ತದೆ.

ಸಂತೆ, ಹಾಸನ, ಧರ್ಮಸ್ಥಳ. ದೊಡ್ಡಮ್ಮ ಬಂಡೂರನನ್ನು ಓದಿಲ್ಲ. ತರಬೇತುದಾರರೂ ಓದಿದಂತೆ ಕಾಣಲಿಲ್ಲ. ಅವರ ಅಂಗಡಿಯಲ್ಲಿ ಮಾರುವುದು ಮೂರನೆಯ ಮಾಲನ್ನು ಮಾತ್ರ.

ದೊಡ್ಡಮ್ಮನಿಗೆ ಸರ್ಟಿಫಿಕೇಟು ಕೊಟ್ಟವರಿಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ. ಅದನ್ನೇ ಇಟ್ಟುಕೊಂಡು ಇಡೀ ರಾಜ್ಯ ಅವಳನ್ನು ಆಡಿಕೊಂಡಿತು. ಕಂಪನಿಯ ದುಡ್ಡಲ್ಲಿ ಬಂಡೆಗೆ ಹೋಗಿ, ಕಂಪನಿಯ ದುಡ್ಡಲ್ಲಿ ಬಫೆ ತಿನ್ನುತ್ತಿದ್ದ ನಲವತ್ತೊಂದು ಜನ 'ಬಿಟ್ಟಿ' ಎಂಬ ಪದಕ್ಕೆ ನಕ್ಕರು.

ಹೆಚ್ಚು ಹೇಳಿದರೆ ಭಾಷಣವಾಗುತ್ತದೆ, ಇಷ್ಟು ಹೇಳಿಬಿಡುತ್ತೇನೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಸಂಸಾರ ಸಮೇತ ಗುಳೆ ಬರುತ್ತಾರಲ್ಲ, ಅವರು ನಮ್ಮ ಆಫೀಸಿನ ಎದುರು ಏಳುತ್ತಿರುವ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಇದ್ದಾರೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಮೇಸ್ತ್ರಿ, ಹನ್ನೆರಡನೇ ಮಹಡಿಯ ಸಾರವೆ. ಆ ಸಾರವೆಯ ಮೇಲೆ ನಿಂತ ಹೆಂಗಸಿನ ಸೊಂಟಕ್ಕೆ ನಾನು ಕಂಡಂತೆ ಹಗ್ಗ ಇರಲಿಲ್ಲ, ಮಗು ಇತ್ತು. ಕಟ್ಟಡ ಮುಗಿದ ಮೇಲೆ ಆ ಹನ್ನೆರಡನೇ ಮಹಡಿಯಲ್ಲಿ ತರಬೇತಿ ಸಭಾಂಗಣ ಬರುತ್ತದಂತೆ. ವಿಷಯ ಯಾವುದೆಂದು ನಿಮಗೇ ಗೊತ್ತು.

ಸೋಮವಾರ ಬಂತು.

ಹತ್ತು ಗಂಟೆಗೆ ಎಲ್ಲರನ್ನೂ ದೊಡ್ಡ ಕೋಣೆಗೆ ಕರೆದರು. ಮೊದಲು ಬಂಡೆಯ ಫೋಟೊಗಳನ್ನು ಪರದೆಯ ಮೇಲೆ ಓಡಿಸಿದರು. ಚಪ್ಪಾಳೆ. ವೈಸ್ ಪ್ರೆಸಿಡೆಂಟ್ ಎದ್ದು ನಿಂತು, ಶನಿವಾರ ನೀವೆಲ್ಲ ತೋರಿಸಿದ ಧೈರ್ಯ ಕಂಡು ನನಗೆ ಹೆಮ್ಮೆಯಾಗಿದೆ ಎಂದರು. ಚಪ್ಪಾಳೆ. ಅದೇ ಉಸಿರಿನಲ್ಲಿ, ಈ ತ್ರೈಮಾಸಿಕ ಮುಗಿಯುವವರೆಗೆ ಶನಿವಾರಗಳೂ ಕೆಲಸದ ದಿನ ಎಂದರು. ಹೆಚ್ಚುವರಿ ಸಂಬಳದ ಮಾತು ಬರಲಿಲ್ಲ. ಬದಲಿ ರಜೆಯ ಮಾತೂ ಬರಲಿಲ್ಲ.

'ಯಾರಿಗಾದರೂ ಏನಾದರೂ ಹೇಳೋದಿದೆಯಾ? ಭಯಪಡಬೇಡಿ. ಓಪನ್ ಆಗಿ ಮಾತಾಡಿ.'

ಕೋಣೆಯಲ್ಲಿ ಏಸಿಯ ಸದ್ದು ಕೇಳುತ್ತಿತ್ತು. ಲಿಂಕ್ಡ್‌ಇನ್‌ನಲ್ಲಿ ತನ್ನೊಳಗಿಂದ ಮೇಲೆದ್ದವನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಲೇಸ್ ಇಲ್ಲದ ಶೂ. ಮುಂದಿನ ವರ್ಷ ಕೆಂಡ ಹಾಯುವ ಮ್ಯಾನೇಜರು ಡೈರಿಯಲ್ಲಿ ಏನೋ ಬರೆಯುತ್ತಿದ್ದರು. ಹೆಸರೆತ್ತಿ ಬೈಯುವ ಮೊದಲು ನನ್ನನ್ನೂ ಸೇರಿಸಿಕೊಳ್ಳುತ್ತೇನೆ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕೈ ಕಟ್ಟಿದ್ದೆ. ಬಾಯಿ ಮುಚ್ಚಿದ್ದೆ.

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಹೋದ ವರ್ಷ ಸೇರಿದ ಹುಡುಗ. ನಲವತ್ತೊಂದು ತಲೆ ಒಟ್ಟಿಗೆ ತಿರುಗಿದವು. ನನ್ನ ಎದೆ ಹೊಡೆದುಕೊಳ್ಳತೊಡಗಿತು, ಬಂಡೆಯ ಮೇಲೂ ಹಾಗೆ ಹೊಡೆದುಕೊಂಡಿರಲಿಲ್ಲ.

'ಸರ್, ಶನಿವಾರದ ಊಟ ಕಂಪನಿಯದೇನಾ?'

ಪರಿಶೀಲಿಸುತ್ತೇವೆ ಎಂದರು. ಸಂಜೆಯ ಮೇಲ್‌ನಲ್ಲಿ ಅವನ ಫೋಟೊ ಬಂತು. ವಾರದ ಪ್ರೊಆಕ್ಟಿವ್ ಉದ್ಯೋಗಿ.